ಪಳವಣಕರ್ ಬಾಳೂ

ಪಳವಣಕರ್ ಬಾಳೂ (1876 – 4 ಜುಲೈ 1955) ಧಾರವಾಡದಲ್ಲಿ ಜನಿಸಿದ ಭಾರತೀಯ ಕ್ರಿಕೆಟ್ ಆಟಗಾರ. ಕನ್ನಡದಲ್ಲಿ ಇವರ ಹೆಸರನ್ನು ಪಾಲ್ವಂಕರ್ ಬಾಲೂ ಎಂದೂ ಬರೆಯುವುದುಂಟು. ಎಡಗೈ ನಿಧಾನಗತಿಯ ಸ್ಪಿನ್ ಬೌಲರ್ ಆಗಿದ್ದ ಇವರು ಅಸ್ಪೃಶ್ಯರೆಂದು ದೂರವಿಡಲಾಗಿದ್ದ ಸಮುದಾಯದಿಂದ ಬಂದು ಭಾರತೀಯ ಕ್ರಿಕೆಟ್‌ನಲ್ಲಿ ಗಣ್ಯಸ್ಥಾನ ಪಡೆದ ಮೊದಲಿಗರು. ಪುಣೆ ಮತ್ತು ಮುಂಬಯಿಯ ಹಿಂದೂ ತಂಡಗಳ ಪರವಾಗಿಯೂ, 1911ರಲ್ಲಿ ಇಂಗ್ಲೆಂಡ್ ಪ್ರವಾಸ ಕೈಗೊಂಡ ಅಖಿಲ ಭಾರತ ತಂಡದ ಪರವಾಗಿಯೂ ಆಡಿದರು. ಮುಂದೆ ರಾಜಕಾರಣಕ್ಕೆ ಬಂದು, 1932ರ ಪುಣೆ ಒಪ್ಪಂದಕ್ಕೆ ಸಹಿ ಹಾಕಿದವರಲ್ಲಿ ಒಬ್ಬರಾದರು.

ಇವರು ಆಡಿದ ಪ್ರಥಮ ದರ್ಜೆ ಪಂದ್ಯಗಳು 33. ಅವುಗಳಲ್ಲಿ 15.21ರ ಸರಾಸರಿಯಲ್ಲಿ 179 ವಿಕೆಟ್ ಪಡೆದಿದ್ದಾರೆ. ಆದರೆ ಈ ಲೆಕ್ಕ ಆರಂಭವಾಗುವುದು 1905-06ರ ಋತುವಿನಿಂದ. ಅಷ್ಟರಲ್ಲಿ ಬಾಳೂ ಅವರಿಗೆ ಮೂವತ್ತು ವರ್ಷ ಸಮೀಪಿಸಿತ್ತು. ಅವರ ಹೆಸರು ಪುಣೆಯ ಮೈದಾನಗಳಲ್ಲಿ ಹರಡಿದ್ದು, ತಂಡಗಳು ಅವರಿಗಾಗಿ ತಮ್ಮೊಳಗೆ ವಾದಿಸಿದ್ದು, ಎದುರಾಳಿಗಳು ಅವರಿಗೆ ಅಂಜಿ ಪಿಚ್ ಸಿದ್ಧಪಡಿಸಿದ್ದು ಎಲ್ಲವೂ ಅದಕ್ಕೆ ಹಿಂದಿನ ಸುಮಾರು ಹದಿನೈದು ವರ್ಷಗಳಲ್ಲಿ. ಅಂಕಿ ಅಂಶಗಳ ಪಟ್ಟಿಯಲ್ಲಿ ಸಿಗದ ಆ ಅವಧಿಯೇ ಅವರ ಜೀವನದ ಮುಖ್ಯ ಭಾಗ. ಆದ್ದರಿಂದ ಈ ಲೇಖನದಲ್ಲಿ ಅದಕ್ಕೆ ಹೆಚ್ಚಿನ ಸ್ಥಳ ನೀಡಲಾಗಿದೆ.

ಜನನ ಮತ್ತು ಕುಟುಂಬ

ಬಾಳೂ ಅವರ ಜನನವಾದದ್ದು ಧಾರವಾಡದಲ್ಲಿ. ಕೆಲವು ಬರಹಗಳಲ್ಲಿ ಜನ್ಮವರ್ಷ 1875 ಎಂದಿದೆ. ಆಗ ಧಾರವಾಡ ಜಿಲ್ಲೆ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. ಇಂದಿನ ಗದಗ ಮತ್ತು ಹಾವೇರಿ ಜಿಲ್ಲೆಗಳ ಬಹುಭಾಗ ಅದರೊಳಗೇ ಇದ್ದಿತು. ಆಡಳಿತ, ಸೈನ್ಯ, ಉದ್ಯೋಗ ಎಲ್ಲದಕ್ಕೂ ಆ ಭಾಗದ ಜನ ಪುಣೆ, ಮುಂಬಯಿಗಳತ್ತ ನೋಡುವುದು ಸಹಜವಾಗಿತ್ತು. ಬಾಳೂ ಅವರ ಕುಟುಂಬ ಮರಾಠಿ ಮಾತನಾಡುವ ಚಮ್ಮಾರ ಸಮುದಾಯಕ್ಕೆ ಸೇರಿದ್ದು, ಅಡ್ಡಹೆಸರು ಅವರ ಮೂಲ ಊರಾದ ಪಳವಣದಿಂದ ಬಂದದ್ದು. ಚರ್ಮದ ಕೆಲಸ ಈ ಸಮುದಾಯದ ಕುಲವೃತ್ತಿ. ಕ್ರಿಕೆಟ್ ಚೆಂಡಿನ ಹೊರಕವಚವೂ ಚರ್ಮದ್ದೇ ಎಂಬುದನ್ನು ಇಲ್ಲಿ ನೆನೆಯಬಹುದು. ಆ ಚೆಂಡನ್ನು ಒಂದೇ ತಂಡದ ಹನ್ನೊಂದು ಮಂದಿ ಕೈಯಿಂದ ಕೈಗೆ ದಾಟಿಸಲೇಬೇಕಾಗುತ್ತದೆ. ಮುಂದಿನ ವಿವಾದಗಳ ಬೇರು ಇದೇ.

ತಂದೆಯ ಉದ್ಯೋಗ ಸೈನ್ಯಕ್ಕೆ ಸಂಬಂಧಿಸಿದ್ದಾದ ಕಾರಣ ಕುಟುಂಬ ಪುಣೆಯಲ್ಲಿ ನೆಲೆಸಿತು. ಪುಣೆ ಆಗ ದೊಡ್ಡ ದಂಡಿನ ಊರು. ಬಾಳೂ ಮತ್ತು ತಮ್ಮ ಶಿವರಾಮ್ ಸೇನಾಧಿಕಾರಿಗಳು ಬಳಸಿ ಬಿಟ್ಟ ಬ್ಯಾಟು, ಚೆಂಡುಗಳಿಂದ ಆಟ ಕಲಿತರು. ಇನ್ನಿಬ್ಬರು ತಮ್ಮಂದಿರಾದ ಗಣಪತ್ ಮತ್ತು ವಿಠ್ಠಲ್ ಸಹ ಮುಂದೆ ಹೆಸರಾಂತ ಆಟಗಾರರಾದರು. ಒಂದೇ ಮನೆಯ ನಾಲ್ವರು ಉನ್ನತ ಮಟ್ಟದ ಕ್ರಿಕೆಟ್ ಆಡಿದ್ದು ಆ ಕಾಲಕ್ಕೆ ಮಾತ್ರವಲ್ಲ, ಈ ಕಾಲಕ್ಕೂ ಅಪರೂಪ.

ಅಂದಿನ ಕ್ರಿಕೆಟ್

ಭಾರತೀಯರಲ್ಲಿ ಕ್ರಿಕೆಟ್ಟನ್ನು ಮೊದಲು ಕೈಗೆತ್ತಿಕೊಂಡವರು ಮುಂಬಯಿಯ ಪಾರಸಿಗಳು. 1848ರಲ್ಲೇ ಅವರು ಓರಿಯಂಟಲ್ ಕ್ರಿಕೆಟ್ ಕ್ಲಬ್ ಸ್ಥಾಪಿಸಿದ್ದರು. 1886 ಮತ್ತು 1888ರಲ್ಲಿ ಇಂಗ್ಲೆಂಡಿಗೆ ತಂಡ ಕಳುಹಿಸಿದ್ದರು. ಹಿಂದೂಗಳು ಈ ಆಟಕ್ಕೆ ಬಂದದ್ದು ಅನಂತರ. ಕ್ಲಬ್‌ಗಳು ಧರ್ಮ, ಜಾತಿ, ಭಾಷೆ ಹಾಗೂ ಊರುಗಳ ಆಧಾರದ ಮೇಲೆ ರಚನೆಯಾಗುತ್ತಿದ್ದವು. ತಂಡವೊಂದು ತನ್ನ ಸಮುದಾಯದ ಮಾನವನ್ನು ಹೊತ್ತು ಆಡುತ್ತಿತ್ತು. ಯುರೋಪಿಯನ್ನರನ್ನು ಸೋಲಿಸುವುದು ಎಲ್ಲರ ಹಂಬಲ. ಆ ಗೆಲುವಿಗೆ ಉತ್ತಮ ಬೌಲರ್ ಬೇಕು. ಆದರೆ ಆ ಬೌಲರ್ ತಮ್ಮವನೇ ಆಗಿರಬೇಕು. ತಮ್ಮವರು ಎಂದರೆ ಯಾರು ಎಂಬ ಪ್ರಶ್ನೆಗೆ ಹಿಂದೂ ಕ್ಲಬ್‌ಗಳ ಬಳಿ ಸಿದ್ಧ ಉತ್ತರ ಇರಲಿಲ್ಲ.

ಪೂನಾ ಕ್ಲಬ್ಬಿನ ವರ್ಷಗಳು

ಬಾಳೂ ಅವರ ಮೊದಲ ಕೆಲಸ ಪುಣೆಯಲ್ಲಿ ಪಾರಸಿಗಳು ನಡೆಸುತ್ತಿದ್ದ ಒಂದು ಕ್ರಿಕೆಟ್ ಕ್ಲಬ್ಬಿನಲ್ಲಿ. ಪಿಚ್ ಗುಡಿಸುವುದು, ಉರುಳೆ ಎಳೆಯುವುದು, ಸದಸ್ಯರು ಅಭ್ಯಾಸ ಮಾಡುವಾಗ ಆಗೊಮ್ಮೆ ಈಗೊಮ್ಮೆ ಚೆಂಡು ಎಸೆಯುವುದು ಅಲ್ಲಿನ ಕರ್ತವ್ಯ. ತಿಂಗಳಿಗೆ ಮೂರು ರೂಪಾಯಿ ಸಂಬಳ. 1892ರ ಸುಮಾರಿಗೆ ಅವರು ಯುರೋಪಿಯನ್ನರ ಪೂನಾ ಕ್ಲಬ್ಬಿಗೆ ಸೇರಿದರು. ಅಲ್ಲಿ ಸಂಬಳ ನಾಲ್ಕು ರೂಪಾಯಿ. ಪಿಚ್ ಉರುಳಿಸಿ ಗೆರೆ ಹಾಕುವುದು, ಬಲೆ ಕಟ್ಟುವುದು, ಟೆನಿಸ್ ಅಂಗಳಗಳಿಗೆ ಗುರುತು ಹಾಕುವುದು ಕೆಲಸ.

ಅವರ ಕೈಗೆ ಚೆಂಡು ಕೊಟ್ಟು ಬೌಲಿಂಗ್ ಮಾಡಿಸಿದವರು ಕ್ಲಬ್ಬಿನ ಯುರೋಪಿಯನ್ ಸದಸ್ಯರೇ. ಬೌಲಿಂಗ್ ಶೈಲಿಯನ್ನು ಬಾಳೂ ರೂಢಿಸಿಕೊಂಡದ್ದು ಬಾರ್ಟನ್ ಎಂಬ ಎಡಗೈ ಬೌಲರ್ ಸೇನಾಧಿಕಾರಿಯನ್ನು ನೋಡಿ. ಅವರಲ್ಲಿ ಅಸಾಮಾನ್ಯ ಪ್ರತಿಭೆ ಇದೆಯೆಂಬುದನ್ನು ಪೂರ್ಣವಾಗಿ ಬಳಸಿಕೊಂಡವರು ಜೆ. ಜಿ. ಗ್ರೇಗ್. ಹ್ಯಾಂಪ್‌ಶೈರ್ ಪರ ಆಡಿದ ಈ ಸೇನಾಧಿಕಾರಿ ಆಗ ಭಾರತದಲ್ಲಿದ್ದ ಯುರೋಪಿಯನ್ ದಾಂಡಿಗರಲ್ಲಿ ಅಗ್ರಗಣ್ಯರು. ಇತರ ಸದಸ್ಯರು ಬರುವುದಕ್ಕೆ ಒಂದು ಗಂಟೆ ಮೊದಲೇ ಮೈದಾನಕ್ಕೆ ಬಂದು ಬಾಳೂ ಅವರ ಎಸೆತಗಳನ್ನು ಎದುರಿಸಿ ಅಭ್ಯಾಸ ಮಾಡುತ್ತಿದ್ದರು. ತಮ್ಮನ್ನು ಔಟ್ ಮಾಡಿದಾಗಲೆಲ್ಲ ಎಂಟಾಣೆ ಕೊಡುತ್ತಿದ್ದರೆಂಬ ಕಥೆ ಪ್ರಸಿದ್ಧವಾಗಿದೆ. ಕಥೆ ನಿಜವಾದರೆ ಲೆಕ್ಕ ಸ್ವಾರಸ್ಯಕರ: ಗ್ರೇಗ್ ಅವರನ್ನು ಎಂಟು ಬಾರಿ ಔಟ್ ಮಾಡಿದರೆ ಬಾಳೂ ಅವರಿಗೆ ಒಂದು ತಿಂಗಳ ಸಂಬಳ ದೊರೆಯುತ್ತಿತ್ತು.

ಹೀಗೆ ಯಾವ ಶಾಲೆ, ಕಾಲೇಜು ಕಲಿಸದ ಪಾಠ ಅವರಿಗೆ ದುಡಿಮೆಯ ಭಾಗವಾಗಿ ಸಿಕ್ಕಿತು. ಎಡಗೈ ಸ್ಪಿನ್ನರ್‌ನ ಸಹಜ ಎಸೆತ ನೆಲಕ್ಕೆ ಬಿದ್ದ ಮೇಲೆ ಬಲಗೈ ದಾಂಡಿಗನಿಂದ ದೂರ ಸರಿಯುತ್ತದೆ. ಬಾಳೂ ಚೆಂಡನ್ನು ಎರಡೂ ಕಡೆಗೆ ತಿರುಗಿಸಬಲ್ಲವರಾಗಿದ್ದರು. ಕೈಚಳಕದಲ್ಲಿ ಕಾಣುವ ವ್ಯತ್ಯಾಸವಿಲ್ಲದೆ ವೇಗವನ್ನೂ ಗಾಳಿಯಲ್ಲಿನ ಏರಿಳಿತವನ್ನೂ ಬದಲಿಸುತ್ತಿದ್ದರು. ಪಿಚ್ ನೋಡಿಕೊಳ್ಳುವ ಕೆಲಸ ಮಾಡಿದವರಿಗೆ ಯಾವ ನೆಲದಲ್ಲಿ ಚೆಂಡು ಹೇಗೆ ತಿರುಗುತ್ತದೆಂಬುದು ಚೆನ್ನಾಗಿ ತಿಳಿದಿರುವುದು ಸಹಜ. ಪಿಚ್‌ಗಳನ್ನು ಮಳೆ ಬಿಸಿಲುಗಳಿಂದ ಮುಚ್ಚಿ ಕಾಪಾಡದ ಆ ದಿನಗಳಲ್ಲಿ ಈ ತಿಳಿವಿಗೆ ಬೆಲೆ ಇನ್ನೂ ಹೆಚ್ಚು.

ಒಂದು ವಿಷಯ ಮಾತ್ರ ಗಮನಾರ್ಹ. ಪೂನಾ ಕ್ಲಬ್ಬಿನಲ್ಲಿ ಬಾಳೂ ಸಾವಿರಾರು ಚೆಂಡು ಎಸೆದರು, ಆದರೆ ಅಲ್ಲಿ ಅವರಿಗೆ ಬ್ಯಾಟ್ ಹಿಡಿಯುವ ಅವಕಾಶ ದೊರೆಯಲಿಲ್ಲ. ಬ್ಯಾಟಿಂಗ್ ದೊರೆಗಳ ವಿನೋದ, ಬೌಲಿಂಗ್ ದುಡಿಯುವವರ ಪಾಡು ಎಂಬ ಭಾವನೆ ಇಂಗ್ಲೆಂಡಿನಲ್ಲಿಯೂ ಇತ್ತು, ಇಲ್ಲಿಯೂ ಇತ್ತು.

ಪುಣೆಯ ಹಿಂದೂ ತಂಡಕ್ಕೆ ಸೇರ್ಪಡೆ

ಗ್ರೇಗ್ ಅವರನ್ನೇ ತಡವರಿಸುವಂತೆ ಮಾಡುವ ಬೌಲರ್ ಒಬ್ಬ ಇದ್ದಾನೆಂಬ ಸುದ್ದಿ ಊರಲ್ಲಿ ಹರಡಿತು. ಪುಣೆಯ ಹಿಂದೂ ಕ್ರಿಕೆಟಿಗರು ಯುರೋಪಿಯನ್ನರಿಗೆ ಸವಾಲು ಹಾಕಲು ಸಿದ್ಧರಾಗುತ್ತಿದ್ದ ಸಮಯವದು. ಬಾಳೂ ಅವರನ್ನು ತಂಡಕ್ಕೆ ಕರೆಯಬೇಕೆ ಎಂಬ ಪ್ರಶ್ನೆ ಕ್ಲಬ್ಬನ್ನು ಎರಡು ಪಾಳೆಯ ಮಾಡಿತು. ತೆಲುಗು ಮಾತೃಭಾಷೆಯ ಕೆಲವು ಸದಸ್ಯರು ಸೇರಿಸಿಕೊಳ್ಳಬೇಕೆಂದರು. ಮರಾಠಿ ಬ್ರಾಹ್ಮಣ ಸದಸ್ಯರು ವಿರೋಧಿಸಿದರು. ಈ ನಡುವೆ ಗ್ರೇಗ್, ಇಂತಹ ಬೌಲರ್‌ನನ್ನು ಬಿಟ್ಟುಕೊಟ್ಟರೆ ಹಿಂದೂಗಳು ಮೂರ್ಖರೇ ಸರಿ ಎಂಬ ಅರ್ಥದ ಅಭಿಪ್ರಾಯವನ್ನು ಪತ್ರಿಕೆಯ ಮುಂದೆ ವ್ಯಕ್ತಪಡಿಸಿದರು. ಇದರಲ್ಲಿ ಅವರಿಗೆ ಸ್ವಾರ್ಥವೂ ಇದ್ದಿರಬಹುದು: ಬಲೆಯೊಳಗೆ ಎದುರಿಸಿದ ಬೌಲರ್‌ನನ್ನು ಪಂದ್ಯದಲ್ಲಿಯೂ ಎದುರಿಸುವ ಬಯಕೆ ದಾಂಡಿಗರಿಗೆ ಸಹಜ.

ಕೊನೆಗೆ ಗೆಲುವಿನ ಆಸೆಯೇ ಮೇಲಾಯಿತು. ಬಾಳೂ ತಂಡಕ್ಕೆ ಬಂದರು. ಆದರೆ ಅವರನ್ನು ಬರಮಾಡಿಕೊಂಡದ್ದು ಮೈದಾನದ ಗೆರೆಯೊಳಗೆ ಮಾತ್ರ. ಆಟದ ಹೊತ್ತಿನಲ್ಲಿ ಅವರು ಮುಟ್ಟಿದ ಚೆಂಡನ್ನು ಎಲ್ಲರೂ ಮುಟ್ಟುತ್ತಿದ್ದರು. ಚಹಾದ ವಿರಾಮದಲ್ಲಿ ಉಳಿದವರಿಗೆ ಪೆವಿಲಿಯನ್ ಒಳಗೆ ಪಿಂಗಾಣಿ ಬಟ್ಟಲಿನಲ್ಲಿ ಚಹಾ. ಬಾಳೂ ಅವರಿಗೆ ಹೊರಗೆ, ಕುಡಿದು ಎಸೆಯುವ ಮಣ್ಣಿನ ಕುಡಿಕೆಯಲ್ಲಿ. ಮುಖ ತೊಳೆಯಬೇಕಾದರೆ ಅಸ್ಪೃಶ್ಯ ಸೇವಕನೊಬ್ಬ ಮೈದಾನದ ಮೂಲೆಗೆ ನೀರು ತಂದು ಹುಯ್ಯುತ್ತಿದ್ದ. ಊಟಕ್ಕೆ ಬೇರೆ ತಟ್ಟೆ, ಬೇರೆ ಮೇಜು. ಒಂದೇ ಇನ್ನಿಂಗ್ಸ್‌ನಲ್ಲಿ ಐದಾರು ವಿಕೆಟ್ ಕಿತ್ತು ತಂಡವನ್ನು ಗೆಲುವಿನತ್ತ ಒಯ್ದ ಆಟಗಾರ ವಿರಾಮದಲ್ಲಿ ಒಬ್ಬನೇ ಹೊರಗೆ ಕೂರಬೇಕಾಗಿತ್ತು.

ಬಾಳೂ ಅವರ ಬೌಲಿಂಗ್ ಬಲದಿಂದ ಪುಣೆಯ ಹಿಂದೂ ತಂಡ ಯುರೋಪಿಯನ್ನರನ್ನು ಸೋಲಿಸಿತು. ಇವುಗಳಲ್ಲಿ ಹೆಚ್ಚು ನೆನಪಿನಲ್ಲಿ ಉಳಿದದ್ದು ಸಾತಾರಾದ ಪಂದ್ಯ. ಬಿಳಿಯರಿಗೆ ಮಾತ್ರ ಮೀಸಲಾಗಿದ್ದ ಅಲ್ಲಿನ ಜಿಮ್‌ಖಾನಾ, ಬಾಳೂ ಅವರ ಸ್ಪಿನ್ ಕೆಲಸ ಮಾಡದಂತೆ ಪಿಚ್ಚನ್ನು ಒಂದು ವಾರ ಕಾಲ ಉರುಳಿಸಿ ಗಟ್ಟಿ ಮಾಡಿಸಿತ್ತೆಂದು ಹೇಳಲಾಗುತ್ತದೆ. ಬಾಳೂ ಅಲ್ಲಿ ಏಳು ವಿಕೆಟ್ ಪಡೆದರು, ಹಿಂದೂಗಳು ಗೆದ್ದರು.

ಚಹಾದ ಪ್ರಶ್ನೆ

ಪುಣೆಗೆ ಹಿಂತಿರುಗಿದ ತಂಡಕ್ಕೆ ಸನ್ಮಾನಗಳು ನಡೆದವು. ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆ ಸಾರ್ವಜನಿಕ ಸಭೆಯಲ್ಲಿ ಬಾಳೂ ಅವರನ್ನು ಗೌರವಿಸಿ, ಅವರೊಡನೆ ಆಡಬಲ್ಲವರು ಅವರೊಡನೆ ಚಹಾ ಕುಡಿಯಲು, ಊಟ ಮಾಡಲು ಏಕೆ ಹಿಂಜರಿಯಬೇಕೆಂದು ತಂಡದವರನ್ನು ಕೇಳಿದರು. ಬಾಲಗಂಗಾಧರ ತಿಲಕರೂ ಬಾಳೂ ಅವರನ್ನು ಬಹಿರಂಗವಾಗಿ ಪ್ರಶಂಸಿಸಿದರು.

ಈ ಇಬ್ಬರ ಮಾತಿನ ತೂಕ ತಿಳಿಯಲು ಪುಣೆಯ ಇನ್ನೊಂದು ಪ್ರಕರಣವನ್ನು ನೆನೆಯಬೇಕು. 1890ರಲ್ಲಿ ನಗರದ ಪಂಚಹೌದ್ ಮಿಷನ್ನಿನಲ್ಲಿ ನಡೆದ ಸಭೆಯಲ್ಲಿ ಕ್ರೈಸ್ತ ಪಾದ್ರಿಗಳು ಅತಿಥಿಗಳಿಗೆ ಚಹಾ ನೀಡಿದ್ದರು. ಅತಿಥಿಗಳಲ್ಲಿ ರಾನಡೆ, ತಿಲಕ್ ಇಬ್ಬರೂ ಇದ್ದರು. ಚಹಾ ಕುಡಿದವರ ಜಾತಿ ಕೆಟ್ಟಿತೆಂದು ಸಂಪ್ರದಾಯಸ್ಥರು ದೊಡ್ಡ ಗದ್ದಲ ಎಬ್ಬಿಸಿ ಪ್ರಾಯಶ್ಚಿತ್ತಕ್ಕೆ ಒತ್ತಾಯಿಸಿದರು. ವಾದವಿವಾದ ವರ್ಷಗಟ್ಟಲೆ ನಡೆಯಿತು. ಒಂದು ಬಟ್ಟಲು ಚಹಾ ಇಷ್ಟು ದೊಡ್ಡ ವಿಷಯವಾಗಿದ್ದ ಊರಿನಲ್ಲಿ ಪೆವಿಲಿಯನ್ನಿನ ಹೊರಗಿನ ಮಣ್ಣಿನ ಕುಡಿಕೆ ಸಣ್ಣ ಸಂಗತಿಯಲ್ಲ. ಅದರ ಬಗೆಗೆ ಬಹಿರಂಗವಾಗಿ ಮಾತನಾಡಿದ್ದೂ ಸಣ್ಣ ಸಂಗತಿಯಲ್ಲ.

ಮುಂಬಯಿ

1896ರ ಸುಮಾರಿಗೆ ಬಾಳೂ ಮುಂಬಯಿಗೆ ಹೋದರು. ಪಶ್ಚಿಮ ಭಾರತದಲ್ಲಿ ಪ್ಲೇಗ್ ಕಾಣಿಸಿಕೊಂಡ ವರ್ಷವದು. ಅಲ್ಲಿ 1894ರಲ್ಲಿ ಸ್ಥಾಪನೆಯಾಗಿದ್ದ ಪರಮಾನಂದದಾಸ್ ಜೀವನದಾಸ್ ಹಿಂದೂ ಜಿಮ್‌ಖಾನಾ ಪಾರಸಿಗಳಿಗೆ ಸಮನಾದ ತಂಡ ಕಟ್ಟುವ ಯತ್ನದಲ್ಲಿತ್ತು. ಪುಣೆಯ ಕಥೆ ಮರುಕಳಿಸಿತು. ಕೆಲವು ಗುಜರಾತಿ ಸದಸ್ಯರು ಆಕ್ಷೇಪಿಸಿದರು, ತಂಡದ ನಾಯಕರು ಒಪ್ಪಿಸಿದರು, ಬಾಳೂ ಆಯ್ಕೆಯಾದರು. ಜೀವನೋಪಾಯಕ್ಕೆ ಅವರು ಬಾಂಬೆ ಬರೋಡಾ ಅಂಡ್ ಸೆಂಟ್ರಲ್ ಇಂಡಿಯಾ ರೈಲ್ವೆಯಲ್ಲಿ ಕೆಲಸ ಮಾಡಿದರು. ಆ ಸಂಸ್ಥೆಯ ತಂಡಕ್ಕೂ ಆಡಿದರು. ಆಟಗಾರನಿಗೆ ನೌಕರಿ ಕೊಟ್ಟು ತಂಡ ಬಲಪಡಿಸಿಕೊಳ್ಳುವ ಪದ್ಧತಿ ಭಾರತೀಯ ಕ್ರೀಡೆಯಲ್ಲಿ ಮುಂದೆ ಬಹಳ ಬೆಳೆಯಿತು. ಬಾಳೂ ಅದರ ಮೊದಮೊದಲ ಉದಾಹರಣೆಗಳಲ್ಲಿ ಒಬ್ಬರು. ಶಿವರಾಮ್ ಸಹ ಅಣ್ಣನ ಹಿಂದೆಯೇ ಹಿಂದೂ ತಂಡಕ್ಕೆ ಬಂದರು.

1906ರ ಫೆಬ್ರವರಿಯಲ್ಲಿ ಹಿಂದೂಗಳು ಬಾಂಬೆ ಜಿಮ್‌ಖಾನಾದ ಯುರೋಪಿಯನ್ನರನ್ನು ಎದುರಿಸಿದರು. ಹಿಂದೂಗಳು 242 ಮತ್ತು 160 ಓಟ ಗಳಿಸಿದರೆ, ಯುರೋಪಿಯನ್ನರು 191 ಮತ್ತು 102ಕ್ಕೆ ಉರುಳಿದರು. 109 ಓಟಗಳ ಈ ಗೆಲುವಿನಲ್ಲಿ ಬಾಳೂ ಅವರ ಬೌಲಿಂಗ್ ಪ್ರಮುಖ ಪಾತ್ರ ವಹಿಸಿತು. ಬಂಗಾಳದ ವಿಭಜನೆಯಾಗಿ ಕೆಲವೇ ತಿಂಗಳಾಗಿತ್ತು. ಸ್ವದೇಶಿ ಚಳವಳಿ ಹಬ್ಬುತ್ತಿತ್ತು. ಆಳುವವರ ವಿರುದ್ಧ ಅವರದೇ ಆಟದಲ್ಲಿ ದೊರೆತ ಈ ಜಯ ಕ್ರಿಕೆಟ್ ತಿಳಿಯದವರಿಗೂ ಸುದ್ದಿಯಾಯಿತು. ಆ ವೇಳೆಗೆ ಬಾಳೂ ಮುಂಬಯಿಯ ತಂಡದವರೊಡನೆ ಜಿಮ್‌ಖಾನಾದಲ್ಲಿ ಒಟ್ಟಿಗೆ ಊಟ ಮಾಡುತ್ತಿದ್ದರು. ಗೆಲುವಿನಷ್ಟೇ ಇದೂ ಮಹತ್ವದ್ದೆಂದು ಸುಧಾರಣಾವಾದಿ ಪತ್ರಿಕೆ ಇಂಡಿಯನ್ ಸೋಶಿಯಲ್ ರಿಫಾರ್ಮರ್ ಗುರುತಿಸಿತು. ಪುಣೆಯ ಮಣ್ಣಿನ ಕುಡಿಕೆಯಿಂದ ಈ ಪಂಕ್ತಿಗೆ ಬರಲು ಹತ್ತು ವರ್ಷಕ್ಕೂ ಹೆಚ್ಚು ಕಾಲ ಬೇಕಾಯಿತು. ಈ ಅವಧಿಯಲ್ಲಿ ಅವರ ವಿಕೆಟ್‌ಗಳು ಮಾಡಿದಷ್ಟು ವಾದವನ್ನು ಯಾವ ಸುಧಾರಕರ ಭಾಷಣವೂ ಮಾಡಿರಲಾರದು. ಆದರೆ ವಿಕೆಟ್ ಬೀಳದಿದ್ದರೆ ಆ ವಾದ ನಿಲ್ಲುತ್ತಿತ್ತೇ ಎಂಬ ಪ್ರಶ್ನೆ ಉಳಿಯುತ್ತದೆ.

1911ರ ಇಂಗ್ಲೆಂಡ್ ಪ್ರವಾಸ

ಪಟಿಯಾಲದ ಮಹಾರಾಜ ಭೂಪಿಂದರ್ ಸಿಂಗ್ ನಾಯಕತ್ವದಲ್ಲಿ ಪಾರಸಿ, ಹಿಂದೂ, ಮುಸ್ಲಿಂ ಆಟಗಾರರು ಕೂಡಿದ ಅಖಿಲ ಭಾರತ ತಂಡ 1911ರಲ್ಲಿ ಇಂಗ್ಲೆಂಡಿಗೆ ಹೋಯಿತು. ಬಾಳೂ, ಶಿವರಾಮ್ ಇಬ್ಬರೂ ತಂಡದಲ್ಲಿದ್ದರು. ಮಹಾರಾಜರ ಗಮನ ಮೈದಾನಕ್ಕಿಂತ ಔತಣಕೂಟಗಳ ಕಡೆಗೆ ಹೆಚ್ಚಿತ್ತು. ತಂಡ ಹೆಚ್ಚಿನ ಪಂದ್ಯಗಳನ್ನು ಸೋತಿತು. ಲೆಸ್ಟರ್‌ಶೈರ್ ಮತ್ತು ಸಾಮರ್‌ಸೆಟ್ ಕೌಂಟಿಗಳ ಮೇಲಿನ ಗೆಲುವು ಸಮಾಧಾನಕರ. ಸಾಮರ್‌ಸೆಟ್ ವಿರುದ್ಧ ಶಿವರಾಮ್ ಶತಕ ಹೊಡೆದರು.

ಬಾಳೂ ಆಗ ಮೂವತ್ತೈದು ವರ್ಷದವರು. ಭುಜದ ನೋವೂ ಕಾಡುತ್ತಿತ್ತು. ಆದರೂ ಇಡೀ ಪ್ರವಾಸದಲ್ಲಿ 18.84ರ ಸರಾಸರಿಯಲ್ಲಿ 114 ವಿಕೆಟ್ ಪಡೆದರು. ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ವಿರುದ್ಧ ಒಂದೇ ಇನ್ನಿಂಗ್ಸ್‌ನಲ್ಲಿ 103 ಓಟ ನೀಡಿ 8 ವಿಕೆಟ್ ಕಿತ್ತದ್ದು ಅವರ ಅತ್ಯುತ್ತಮ ಸಾಧನೆ. ಹಿಂತಿರುಗಿದಾಗ ಮುಂಬಯಿಯ ದಲಿತ ಸಮುದಾಯಗಳು ಅವರನ್ನು ಸನ್ಮಾನಿಸಿದವು. ಆ ಸಮಾರಂಭದೊಂದಿಗೆ ತರುಣ ಭೀಮರಾವ್ ಅಂಬೇಡ್ಕರ್ ಅವರ ಹೆಸರೂ ಸೇರಿಕೊಂಡಿದೆ. ಅಂಬೇಡ್ಕರ್ ಆಗ ಎಲ್ಫಿನ್‌ಸ್ಟನ್ ಕಾಲೇಜಿನ ವಿದ್ಯಾರ್ಥಿ. ಅವರ ಪೀಳಿಗೆಯ ಯುವಕರಿಗೆ ಬಾಳೂ ಆದರ್ಶಪುರುಷರಾಗಿದ್ದರು.

ನಾಯಕತ್ವದ ಪ್ರಶ್ನೆ

1907ರಿಂದ ಯುರೋಪಿಯನ್, ಪಾರಸಿ, ಹಿಂದೂ ತಂಡಗಳ ತ್ರಿಕೋನ ಪಂದ್ಯಾವಳಿಯೂ, ಮುಸ್ಲಿಂ ತಂಡ ಸೇರಿದ ಮೇಲೆ 1912ರಿಂದ ಚತುಷ್ಕೋನ ಪಂದ್ಯಾವಳಿಯೂ ಮುಂಬಯಿಯ ವಾರ್ಷಿಕ ಉತ್ಸವಗಳಂತಾದವು. ಹಿಂದೂ ತಂಡದ ಹಿರಿಯ ಹಾಗೂ ಶ್ರೇಷ್ಠ ಆಟಗಾರರಾಗಿದ್ದರೂ ಬಾಳೂ ಅವರನ್ನು ನಾಯಕರನ್ನಾಗಿ ನೇಮಿಸಲಿಲ್ಲ. ಪ್ರತಿ ವರ್ಷವೂ ಮೇಲ್ಜಾತಿಯ ಆಟಗಾರರೊಬ್ಬರಿಗೆ ಆ ಸ್ಥಾನ ಹೋಗುತ್ತಿತ್ತು. 1920ರಲ್ಲಿ ಬಾಳೂ ಅವರನ್ನು ತಂಡದಿಂದಲೇ ಕೈಬಿಟ್ಟಾಗ ಶಿವರಾಮ್ ಮತ್ತು ವಿಠ್ಠಲ್ ಬಹಿರಂಗ ಹೇಳಿಕೆ ನೀಡಿ ಹಿಂದೆ ಸರಿದರು. ಸಾರ್ವಜನಿಕರ ಒತ್ತಡ ಬಂತು. ಪಾರಸಿಗಳ ವಿರುದ್ಧದ ಮುಂದಿನ ಪಂದ್ಯಕ್ಕೆ ಸಹೋದರರು ಮರಳಿದರು, ಬಾಳೂ ಉಪನಾಯಕರಾದರು, ನಾಯಕರು ಮೈದಾನದಿಂದ ಹೊರಗೆ ಹೋದಾಗ ಕೆಲಹೊತ್ತು ತಂಡವನ್ನು ನಡೆಸಿದರು. ಅವರಿಗೆ ದೊರೆತ ನಾಯಕತ್ವ ಇಷ್ಟೇ.

ಮುಂದಿನ ಫಲ ತಮ್ಮನಿಗೆ ಸಂದಿತು. ವಿಠ್ಠಲ್ ಹಿಂದೂ ತಂಡದ ನಾಯಕರಾಗಿ ನೇಮಕಗೊಂಡು, 1923ರಲ್ಲಿ ಯುರೋಪಿಯನ್ನರನ್ನು ಸೋಲಿಸಿ ಚತುಷ್ಕೋನ ಪ್ರಶಸ್ತಿ ಗೆದ್ದರು. ಆ ದಿನ ಅಭಿಮಾನಿಗಳು ಅವರನ್ನು ಹೆಗಲ ಮೇಲೆ ಹೊತ್ತು ಮೆರೆಸಿದರು. ವಿಠ್ಠಲ್ ಮರಾಠಿಯಲ್ಲಿ ಬರೆದ ಆತ್ಮಕಥೆ 1948ರಲ್ಲಿ ಪ್ರಕಟವಾಯಿತು. ಅಣ್ಣನ ಆರಂಭದ ದಿನಗಳನ್ನು ಅರಿಯಲು ಅದು ಮುಖ್ಯ ಆಧಾರ.

ರಾಜಕೀಯ ಮತ್ತು ಕೊನೆಯ ದಿನಗಳು

ಆಟದಿಂದ ನಿವೃತ್ತರಾದ ಬಾಳೂ ಗಾಂಧೀಜಿಯವರ ವಿಚಾರಗಳ ಕಡೆಗೆ ಒಲಿದರು. ದಲಿತರಿಗೆ ಪ್ರತ್ಯೇಕ ಮತಕ್ಷೇತ್ರಗಳ ವಿಷಯದಲ್ಲಿ ಅವರದು ಅಂಬೇಡ್ಕರ್ ಅವರಿಗಿಂತ ಭಿನ್ನ ನಿಲುವು. 1932ರಲ್ಲಿ ಗಾಂಧೀಜಿ ಯರವಡಾ ಸೆರೆಮನೆಯಲ್ಲಿ ಉಪವಾಸ ಕೈಗೊಂಡಾಗ ನಡೆದ ಮಾತುಕತೆಯಲ್ಲಿ ಬಾಳೂ, ಎಂ. ಸಿ. ರಾಜಾ ಅವರೊಡನೆ ಭಾಗವಹಿಸಿದರು. 1937ರ ಮುಂಬಯಿ ಶಾಸನಸಭೆಯ ಚುನಾವಣೆಯಲ್ಲಿ ಕಾಂಗ್ರೆಸ್ ಅವರನ್ನು ಅಂಬೇಡ್ಕರ್ ಅವರ ಎದುರಾಳಿಯಾಗಿ ನಿಲ್ಲಿಸಿತು. ಅಂಬೇಡ್ಕರ್ 13,245 ಮತ, ಬಾಳೂ 11,225 ಮತ ಪಡೆದರು. ತಾವು ಒಮ್ಮೆ ಅಭಿಮಾನದಿಂದ ಕಂಡ ಆಟಗಾರರನ್ನು ಅಂಬೇಡ್ಕರ್ ಹೀಗೆ ಎದುರಿಸಬೇಕಾಗಿ ಬಂತು.

ಬಾಳೂ 1955ರ ಜುಲೈ 4ರಂದು ನಿಧನರಾದರು. ಆಮೇಲೆ ಅವರ ಹೆಸರು ಬಹುಕಾಲ ಮರೆವಿಗೆ ಸಂದಿತ್ತು. ಇತಿಹಾಸಕಾರ ರಾಮಚಂದ್ರ ಗುಹಾ 2002ರಲ್ಲಿ ಪ್ರಕಟಿಸಿದ ಭಾರತೀಯ ಕ್ರಿಕೆಟ್ ಇತಿಹಾಸದ ಗ್ರಂಥದಲ್ಲಿ ಪಳವಣಕರ್ ಸಹೋದರರ ಕಥೆಯನ್ನು ವಿಸ್ತಾರವಾಗಿ ಹೇಳಿದ ನಂತರ ಹೊಸ ಆಸಕ್ತಿ ಹುಟ್ಟಿತು. 2001ರ ಹಿಂದಿ ಚಲನಚಿತ್ರ ಲಗಾನ್‌ನ ಕಚರಾ ಎಂಬ ಸ್ಪಿನ್ ಬೌಲರ್ ಪಾತ್ರವನ್ನು ಬಾಳೂ ಅವರೊಡನೆ ಹೋಲಿಸುವವರಿದ್ದಾರೆ. ಕಚರಾ ಚೆಂಡು ತಿರುಗುವುದನ್ನು ಆಕಸ್ಮಿಕವಾಗಿ ಕಂಡುಕೊಳ್ಳುತ್ತಾನೆ; ಬಾಳೂ ಅದನ್ನು ಪೂನಾ ಕ್ಲಬ್ಬಿನ ಬಲೆಯಲ್ಲಿ ನಾಲ್ಕು ರೂಪಾಯಿ ಸಂಬಳದ ನೌಕರಿಯಲ್ಲಿ ದಿನದಿನದ ದುಡಿಮೆಯಿಂದ ಕಲಿತವರು.